ಹೊಸಿಲು ಮತ್ತು ಬಚ್ಚಲು: ಅಲ್ಯೂಮಿನಿಯಂ ಮಿದುಳು ಮುಟ್ಟುವ ಬಗೆ

ನಿಮ್ಮ ಅಡುಗೆಮನೆಯ ಎರಡು ಪಾತ್ರೆಗಳನ್ನು ನೆನಪಿಗೆ ತಂದುಕೊಳ್ಳಿ. ಎರಡೂ ಅಲ್ಯೂಮಿನಿಯಂನವು. ಒಂದರಲ್ಲಿ ದಿನಾ ನೀರು ಕಾಯಿಸುತ್ತೀರಿ, ಇನ್ನೊಂದರಲ್ಲಿ ಹುಳಿಸಾರು ಕುದಿಸುತ್ತೀರಿ. ನೀರು ಕಾಯಿಸುವ ಪಾತ್ರೆಯ ಒಳಮೈ ದಿನ ಕಳೆದಂತೆ ಕಪ್ಪು ಹಿಡಿಯುತ್ತದೆ. ಸಾರಿನ ಪಾತ್ರೆ ಮಾತ್ರ ಬೆಳ್ಳಗೆ ಹೊಳೆಯುತ್ತಿರುತ್ತದೆ. ನನ್ನ ತಾಯಿ ಕಪ್ಪು ಹಿಡಿದ ಪಾತ್ರೆಗೆ ಹಿಂಡಿ ಉಳಿದ ಹುಣಸೆ ಸಿಪ್ಪೆ ಹಾಕಿ ಒಂದು ಕುದಿ ಬರಿಸುತ್ತಿದ್ದರು. ಹತ್ತು ನಿಮಿಷದಲ್ಲಿ ಪಾತ್ರೆ ಅಂಗಡಿಯಿಂದ ತಂದ ದಿನದ ಹಾಗೆ ಆಗುತ್ತಿತ್ತು.

ಆ ಹೊಳಪು ಎಲ್ಲಿಂದ ಬಂತು? ಅಲ್ಯೂಮಿನಿಯಂ ಗಾಳಿ ತಾಗಿದ ಕೂಡಲೇ ತನ್ನ ಮೈಮೇಲೆ ತೆಳುವಾದ ಆಕ್ಸೈಡ್ ಪೊರೆಯನ್ನು ಕಟ್ಟಿಕೊಳ್ಳುತ್ತದೆ. ಹುಳಿ ಆ ಪೊರೆಯನ್ನು ಕರಗಿಸುತ್ತದೆ. ಕರಗಿದ್ದು ಸಾರಿಗೆ ಹೋಗುತ್ತದೆ, ಸಾರು ನಮ್ಮ ಹೊಟ್ಟೆಗೆ ಹೋಗುತ್ತದೆ. ಹಾಗಾಗಿ ಈ ಸಭೆಯಲ್ಲಿ ಕೂತಿರುವ ನಾವೆಲ್ಲರೂ ಅಲ್ಯೂಮಿನಿಯಂ ತಿಂದವರೇ.

ನಾನು ಮೂತ್ರಪಿಂಡದ ವೈದ್ಯ. ಮಿದುಳಿನ ಕಾಯಿಲೆ ನನ್ನ ವಿಭಾಗವಲ್ಲ. ಆದರೂ ಈ ಪ್ರಶ್ನೆ ನನ್ನ ಹತ್ತಿರ ಬರುತ್ತಲೇ ಇರುತ್ತದೆ: "ಡಾಕ್ಟ್ರೇ, ಅಮ್ಮನಿಗೆ ಮರೆವು ಶುರುವಾಗಿದೆ. ಮೊಬೈಲಲ್ಲಿ ಏನೋ ಬಂದಿತ್ತು. ಮನೇಲಿರೋ ಅಲ್ಯೂಮಿನಿಯಂ ಪಾತ್ರೆ ಎಲ್ಲಾ ಗುಜರಿಗೆ ಹಾಕಿಬಿಡ್ಲಾ?" ಒಂದೇ ಮಾತಿನಲ್ಲಿ ಉತ್ತರ ಹೇಳಿ ಕಳಿಸಿದರೆ ಅನ್ಯಾಯವಾಗುತ್ತದೆ. ಅಲ್ಯೂಮಿನಿಯಂ ಮಿದುಳಿಗೆ ವಿಷ ಎನ್ನುವುದು ನಿಜ, ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆದರೆ ನಾನು ಕಂಡದ್ದು ಅಡುಗೆಮನೆಯಲ್ಲಿ ಅಲ್ಲ. ಎಲ್ಲಿ ಕಂಡೆ ಎಂದು ಹೇಳಲಿಕ್ಕೇ ಇವತ್ತು ಬಂದಿದ್ದೇನೆ.

ಮೊದಲು ಮಣ್ಣಿನ ಮಾತು. ಭೂಮಿಯ ಹೊರಪದರದಲ್ಲಿ ಆಮ್ಲಜನಕ ಮತ್ತು ಸಿಲಿಕಾನ್ ಬಿಟ್ಟರೆ ಅತಿ ಹೆಚ್ಚಿರುವ ಮೂಲವಸ್ತು ಅಲ್ಯೂಮಿನಿಯಂ. ತೂಕದಲ್ಲಿ ಸುಮಾರು ನೂರಕ್ಕೆ 8 ಪಾಲು. ಕರಾವಳಿಯಲ್ಲಿ ಮನೆ ಕಟ್ಟುವ ಜಂಬಿಟ್ಟಿಗೆ ಕಲ್ಲಿನ ತುಂಬ ಇರುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಬೆಳಗಾವಿ ಕಡೆ ಬಾಕ್ಸೈಟ್ ಅದಿರೇ ಸಿಗುತ್ತದೆ. ಹೀಗೆ ಕಾಲ ಕೆಳಗೆಲ್ಲ ಇದ್ದರೂ ನಮ್ಮ ದೇಹದಲ್ಲಿ ಅದಕ್ಕೆ ಒಂದು ಕೆಲಸವೂ ಇಲ್ಲ. ಕಬ್ಬಿಣ ರಕ್ತಕ್ಕೆ ಬೇಕು, ಸತು ಬೇಕು, ತಾಮ್ರ ಬೇಕು, ಮೆಗ್ನೀಸಿಯಂ ಅಂತೂ ಪ್ರತಿಯೊಂದು ಜೀವಕೋಶಕ್ಕೂ ಬೇಕು. ಅಲ್ಯೂಮಿನಿಯಂ ಬೇಕೆಂದು ಕೇಳುವ ಅಂಗ ಒಂದೂ ಇಲ್ಲ. ಅದು ಕಲ್ಲಿನಲ್ಲಿ ಆಮ್ಲಜನಕ, ಸಿಲಿಕಾಗಳ ಜೊತೆ ಬಿಗಿಯಾಗಿ ಬಂಧಿಯಾಗಿರುವುದರಿಂದ ಜೀವಿಗಳ ಕೈಗೆ ಸಿಕ್ಕಿದ್ದೇ ಕಡಿಮೆ.

ಆ ಬಂಧ ಬಿಚ್ಚುವುದು ಆಮ್ಲ. ಯುರೋಪಿನ ಉತ್ತರದ ದೇಶಗಳಲ್ಲಿ ಆಮ್ಲಮಳೆ ಬಿದ್ದು ಕೆರೆಗಳಲ್ಲಿ ಮೀನು ಸತ್ತವಲ್ಲ, ಅಲ್ಲಿ ಮಣ್ಣಿನಿಂದ ಬಿಡುಗಡೆಯಾದ ಅಲ್ಯೂಮಿನಿಯಂ ಮೀನುಗಳ ಕಿವಿರಿಗೆ ಮೆತ್ತಿಕೊಂಡು ಉಸಿರುಕಟ್ಟಿಸಿತು. ಮಲೆನಾಡಿನ ಮನೆಗಳ ಅಂಗಳದಲ್ಲಿ ಹೈಡ್ರೇಂಜಿಯ ಹೂ ನೋಡಿರುತ್ತೀರಿ. ಒಂದೇ ಗಿಡದ ಕಡ್ಡಿ ಒಂದು ಮನೆಯಲ್ಲಿ ನೀಲಿ ಹೂ ಬಿಡುತ್ತದೆ, ಇನ್ನೊಂದು ಮನೆಯಲ್ಲಿ ಗುಲಾಬಿ ಬಣ್ಣದ್ದು. ಮಣ್ಣು ಹುಳಿಯಾಗಿದ್ದರೆ ಅಲ್ಯೂಮಿನಿಯಂ ಕರಗಿ ಗಿಡದೊಳಗೆ ಹೋಗುತ್ತದೆ, ಹೂ ನೀಲಿಯಾಗುತ್ತದೆ. ಚಹಾ ಗಿಡವೂ ಅಷ್ಟೇ, ಎಲೆಯಲ್ಲಿ ಅಲ್ಯೂಮಿನಿಯಂ ಕೂಡಿಡುತ್ತದೆ. ಬೆಳಗಿನ ಚಹಾದಲ್ಲೂ ಅದಿದೆ.

ಹಾಗಾದರೆ ನಾವು ಹೇಗೆ ಬದುಕಿದ್ದೇವೆ? ನಮ್ಮ ದೇಹಕ್ಕೆ ಒಂದು ಹೊಸಿಲು ಇದೆ, ಒಂದು ಬಚ್ಚಲು ಇದೆ. ಹೊಸಿಲು ಅಂದರೆ ಕರುಳು. ತಿಂದ ಅಲ್ಯೂಮಿನಿಯಂನಲ್ಲಿ ಸಾವಿರದಲ್ಲಿ ಒಂದರಿಂದ ಮೂರು ಪಾಲನ್ನು ಮಾತ್ರ ಅದು ಒಳಗೆ ಬಿಡುತ್ತದೆ, ಉಳಿದದ್ದು ಮಲದಲ್ಲಿ ಹೋಗುತ್ತದೆ. ಬಚ್ಚಲು ಅಂದರೆ ಮೂತ್ರಪಿಂಡ. ಕಣ್ತಪ್ಪಿಸಿ ಒಳಗೆ ಬಂದದ್ದರಲ್ಲಿ ಬಹುಪಾಲನ್ನು ಅದು ಮೂತ್ರದಲ್ಲಿ ತೊಳೆದು ಹಾಕುತ್ತದೆ. ಇವೆರಡೂ ಸರಿಯಾಗಿರುವ ಮನುಷ್ಯನ ಮನೆಯಲ್ಲಿ ಅಲ್ಯೂಮಿನಿಯಂ ನೆಲೆ ನಿಲ್ಲುವುದು ಕಷ್ಟ.

ಈಗ ಹೊಸಿಲು ಇಲ್ಲದ, ಬಚ್ಚಲೂ ಕಟ್ಟಿಹೋದ ಒಬ್ಬರನ್ನು ಊಹಿಸಿಕೊಳ್ಳಿ. ಊಹಿಸಿಕೊಳ್ಳುವ ಅಗತ್ಯವೇನೂ ಇಲ್ಲ, ಅವರು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇದ್ದಾರೆ. ಡಯಾಲಿಸಿಸ್ ರೋಗಿಗಳು.

ಡಯಾಲಿಸಿಸ್ ನಡೆಯುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ. ಯಂತ್ರದ ಪಕ್ಕದಲ್ಲಿ ಮೊಣಕೈಯುದ್ದದ ಒಂದು ಕೊಳವೆ ನೇತಾಡುತ್ತಿರುತ್ತದೆ, ಅದರೊಳಗೆ ಕೂದಲಿನಷ್ಟು ಸಣ್ಣ ಸಾವಿರಾರು ನಾಳಗಳು. ನಾಳದ ಒಳಗೆ ರೋಗಿಯ ರಕ್ತ, ಹೊರಗೆ ನೀರು. ನಡುವೆ ತೆಳುವಾದ ಪೊರೆ. ರಕ್ತದ ಕಸ ಪೊರೆ ದಾಟಿ ನೀರಿಗೆ ಹೋಗುತ್ತದೆ. ನೀರು ನಿಮಿಷಕ್ಕೆ ಅರ್ಧ ಲೀಟರಿನಂತೆ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ವಾರಕ್ಕೆ ಮೂರು ಸಲವೆಂದರೆ ವರ್ಷಕ್ಕೆ 18 ಸಾವಿರ ಲೀಟರಿಗೂ ಹೆಚ್ಚು ನೀರು ಒಬ್ಬ ಮನುಷ್ಯನ ರಕ್ತದ ಪಕ್ಕದಲ್ಲೇ ಹರಿದು ಹೋಗುತ್ತದೆ. ನೀವು, ನಾನು ಎಷ್ಟು ನೀರು ಕುಡಿದರೂ ವಾರಕ್ಕೆ ಇಪ್ಪತ್ತು ಲೀಟರ್ ದಾಟುವುದು ಕಷ್ಟ, ಅದೂ ಕರುಳಿನ ಕಾವಲು ದಾಟಿ ಬರಬೇಕು.

ಆ ನೀರಿನಲ್ಲಿ ಒಂದಿಷ್ಟು ಅಲ್ಯೂಮಿನಿಯಂ ಇದ್ದರೆ? ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಇದೆ, ಕಬ್ಬಿಣ ಹೊರುವುದು ಅದರ ಕೆಲಸ. ಅಲ್ಯೂಮಿನಿಯಂ ಅಯಾನು ಗಾತ್ರದಲ್ಲೂ ವಿದ್ಯುದಂಶದಲ್ಲೂ ಕಬ್ಬಿಣವನ್ನು ಹೋಲುವುದರಿಂದ ಪ್ರೋಟೀನ್ ಅದನ್ನೂ ಹೆಗಲಿಗೇರಿಸಿಕೊಳ್ಳುತ್ತದೆ. ಒಮ್ಮೆ ಅಂಟಿಕೊಂಡ ಮೇಲೆ ಪೊರೆ ದಾಟಿ ನೀರಿಗೆ ವಾಪಸು ಹೋಗಲಾರದು, ಪ್ರೋಟೀನ್ ಅಷ್ಟು ದೊಡ್ಡದು. ಬರಲು ದಾರಿ ಇದೆ, ಹೋಗಲು ಇಲ್ಲ. ನೀರಿನಲ್ಲಿ ಇದ್ದದ್ದು ಅಲ್ಪವೇ ಆದರೂ ವಾರದಿಂದ ವಾರಕ್ಕೆ ಜಮೆಯಾಗುತ್ತದೆ. ಮಿದುಳಿಗೂ ಕಬ್ಬಿಣ ಬೇಕಲ್ಲ, ಅದಕ್ಕಾಗಿ ಮಿದುಳಿನ ರಕ್ತನಾಳಗಳಲ್ಲಿ ಟ್ರಾನ್ಸ್‌ಫೆರಿನ್ನಿಗೆಂದೇ ತೆರೆದ ಬಾಗಿಲುಗಳಿವೆ. ಅಲ್ಯೂಮಿನಿಯಂ ಕಬ್ಬಿಣದ ವೇಷದಲ್ಲಿ ಆ ಬಾಗಿಲಿನಿಂದ ಒಳಗೆ ಹೋಗುತ್ತದೆ.

1972ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಆಲ್‌ಫ್ರೀ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಒಂದು ವಿಚಿತ್ರ ಕಾಯಿಲೆಯನ್ನು ವರದಿ ಮಾಡಿದರು. ವರ್ಷಗಳಿಂದ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರಿಗೆ ಮೊದಲು ಮಾತು ತೊದಲುತ್ತಿತ್ತು. ಡಯಾಲಿಸಿಸ್ ಮುಗಿದ ಕೂಡಲೇ ಹೆಚ್ಚು, ಮರುದಿನಕ್ಕೆ ಸ್ವಲ್ಪ ಸರಿ. ಆಮೇಲೆ ಕೈಕಾಲು ಜಗ್ಗಿದ ಹಾಗೆ ಅದುರುವುದು, ಮರೆವು, ಇಲ್ಲದ್ದು ಕಾಣುವುದು, ಫಿಟ್ಸ್. ತಿಂಗಳುಗಳಲ್ಲಿ ಸಾವು. 1976ರಲ್ಲಿ ಅದೇ ತಂಡ ತೀರಿಹೋದವರ ಮಿದುಳಿನಲ್ಲಿ ಅಲ್ಯೂಮಿನಿಯಂ ಅಳೆದು ಪ್ರಕಟಿಸಿತು. ಮಿದುಳಿನಲ್ಲಿ ನರಕೋಶಗಳು ತುಂಬಿರುವ ಬೂದುಭಾಗದ ಒಣತೂಕದ ಒಂದು ಕಿಲೋಗ್ರಾಮಿಗೆ ಈ ಕಾಯಿಲೆಯಿಂದ ಸತ್ತವರಲ್ಲಿ 25 ಮಿಲಿಗ್ರಾಂ, ಡಯಾಲಿಸಿಸ್ ಮಾಡಿಸಿಕೊಂಡಿದ್ದು ಬೇರೆ ಕಾರಣಕ್ಕೆ ಸತ್ತವರಲ್ಲಿ 6.5, ಡಯಾಲಿಸಿಸ್ ಮಾಡಿಸದವರಲ್ಲಿ 2.2. ನಾನು ಓದುತ್ತಿದ್ದಾಗ ಈ ಮೂರು ಅಂಕಿಗಳನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೆ, ಇವತ್ತಿಗೂ ಬಾಯಿಪಾಠ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಇದೇ ರೋಗಿಗಳ ಮೂಳೆ ಪುಟಪುಟನೆ ಮುರಿಯುತ್ತಿತ್ತು. 1979ರಲ್ಲಿ ಅಲ್ಲಿನ ವೈದ್ಯರು ಬ್ರಿಟನ್ನಿನ 18 ಡಯಾಲಿಸಿಸ್ ಕೇಂದ್ರಗಳ 1,293 ರೋಗಿಗಳ ಲೆಕ್ಕ ಹಿಡಿದು ನೋಡಿದರು. ಎಲ್ಲಿ ನೀರಿನಲ್ಲಿ ಅಲ್ಯೂಮಿನಿಯಂ ಹೆಚ್ಚೋ ಅಲ್ಲಿ ಮೂಳೆ ಕಾಯಿಲೆಯೂ ಹೆಚ್ಚು, ಮಿದುಳಿನ ಕಾಯಿಲೆಯೂ ಹೆಚ್ಚು.

ನೀರಿಗೆ ಅಲ್ಯೂಮಿನಿಯಂ ಬಂದದ್ದು ಎಲ್ಲಿಂದ? ಪಟಿಕದಿಂದ. ಮಳೆಗಾಲದಲ್ಲಿ ಹೊಳೆಯ ಕೆಂಪು ನೀರನ್ನು ಕೊಡದಲ್ಲಿ ತುಂಬಿ, ಪಟಿಕದ ತುಂಡನ್ನು ನಾಲ್ಕು ಸುತ್ತು ತಿರುಗಿಸಿ ಇಟ್ಟರೆ ಬೆಳಗಾಗುವಷ್ಟರಲ್ಲಿ ನೀರು ತಿಳಿಯಾಗುತ್ತದೆ. ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಮಾಡುವುದೂ ಅದನ್ನೇ, ಟನ್ನುಗಟ್ಟಲೆ ಅಲ್ಯೂಮಿನಿಯಂ ಸಲ್ಫೇಟಿನಿಂದ. ಕುಡಿಯುವವರಿಗೆ ಅದು ಉಪಕಾರ, ಕಾಲರಾ ಮತ್ತು ಟೈಫಾಯಿಡ್ ಹರಡುವ ಕೆಸರನ್ನು ಕೆಳಗಿಳಿಸುತ್ತದೆ. ಅದೇ ನೀರನ್ನು ನೇರವಾಗಿ ಡಯಾಲಿಸಿಸ್ ಯಂತ್ರಕ್ಕೆ ಕೊಟ್ಟದ್ದು ಅನಾಹುತ.

ಇದರ ಜೊತೆಗೆ ಮಾತ್ರೆಯ ರೂಪದಲ್ಲೂ ನಾವೇ ಕೊಡುತ್ತಿದ್ದೆವು. ಮೂತ್ರಪಿಂಡ ಕೆಟ್ಟವರ ರಕ್ತದಲ್ಲಿ ರಂಜಕ ಏರುತ್ತದೆ. ಅದನ್ನು ಕರುಳಿನಲ್ಲೇ ಹಿಡಿದಿಡಲು ಆಗ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕೊಡುವುದು ರೂಢಿ. ಎದೆಯುರಿಗೆ ಕುಡಿಯುವ ಬಿಳಿ ಔಷಧಿಯಲ್ಲಿರುವುದೂ ಅದೇ.

ನನ್ನ ರೋಗಿಯೊಬ್ಬರ ವಿಷಯ ಹೇಳಬೇಕು. ಮೂವತ್ತೈದು ವರ್ಷಕ್ಕೂ ಹಿಂದಿನದು. ನಾನಿನ್ನೂ ಕಲಿಯುತ್ತಿದ್ದವನು. ಆಸ್ಪತ್ರೆ ಯಾವುದು ಎನ್ನುವುದು ಬೇಡ. ರೋಗಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಡಯಾಲಿಸಿಸ್ ಮೇಲೆ ಎರಡು ವರ್ಷ ಚೆನ್ನಾಗಿದ್ದರು. ಮಂಚದ ಮೇಲೆ ಮಲಗಿದಲ್ಲೇ ನಮಗೆಲ್ಲ ವಚನ ಹೇಳುತ್ತಿದ್ದರು, ಒಂದಾದ ಮೇಲೊಂದು, ಉಸಿರು ತೆಗೆದುಕೊಳ್ಳಲೂ ನಿಲ್ಲಿಸದೆ. ಒಂದು ದಿನ ಅವರ ಹೆಂಡತಿ ನನ್ನನ್ನು ಬಾಗಿಲ ಹತ್ತಿರ ಕರೆದು, "ಇವ್ರಿಗೆ ಮಾತು ಸಿಗ್ತಾ ಇಲ್ಲ ಡಾಕ್ಟ್ರೇ. ಬಾಯಿ ತೆಗೀತಾರೆ, ಹುಡುಕ್ತಾರೆ. ಇಲ್ಲಿಂದ ಹೋದ ರಾತ್ರಿ ಜಾಸ್ತಿ" ಅಂದರು. ನಾನು ನಿಶ್ಶಕ್ತಿ ಎಂದುಕೊಂಡೆ. ಮುಂದಿನ ತಿಂಗಳು ಅವರು ನನ್ನ ಎದುರಿಗೇ ಒಂದು ವಚನ ಶುರು ಮಾಡಿದರು. ಎರಡನೇ ಸಾಲಿಗೆ ನಿಂತರು. ತುಟಿ ಅಲುಗುತ್ತಿತ್ತು, ಶಬ್ದ ಬರುತ್ತಿರಲಿಲ್ಲ. ಬಲಗೈ ಹೆಬ್ಬೆರಳು ಹಾಸಿಗೆಯ ಅಂಚಿಗೆ ಪಟ್ ಪಟ್ ಎಂದು ಬಡಿಯುತ್ತಿತ್ತು. ಕಣ್ಣಲ್ಲಿ ನೀರು. ಅವರಿಗೆ ಮರೆತದ್ದು ಗೊತ್ತಾಗುತ್ತಿತ್ತು, ಅದೇ ಎಲ್ಲಕ್ಕಿಂತ ಸಂಕಟ.

ಆ ಕೇಂದ್ರದಲ್ಲಿ ಆಗ ನೀರನ್ನು ಗಡಸುತನ ತೆಗೆದು ಕೊಡುತ್ತಿದ್ದರು, ಅಷ್ಟೆ. ಗಡಸುತನ ತೆಗೆಯುವ ಯಂತ್ರ ಅಲ್ಯೂಮಿನಿಯಂ ಅನ್ನು ನಂಬುವ ಹಾಗೆ ತೆಗೆಯುವುದಿಲ್ಲ. ಮೇಲಿನಿಂದ ದಿನಕ್ಕೆ ಮೂರು ಹೊತ್ತು ಆ ಬಿಳಿ ಮಾತ್ರೆ. ರಕ್ತದಲ್ಲಿ ಅಲ್ಯೂಮಿನಿಯಂ ಅಳೆಯುವ ವ್ಯವಸ್ಥೆ ನಮ್ಮ ಕೈಗೆಟುಕುವಲ್ಲಿ ಇರಲಿಲ್ಲ. ಡೆನ್ವರಿನ ವರದಿಯನ್ನು ನಾನು ಓದಿದ್ದೆ, ಎದುರಿಗಿದ್ದ ಮನುಷ್ಯನಿಗೆ ಅದನ್ನು ಹೊಂದಿಸಿ ನೋಡುವಷ್ಟರಲ್ಲಿ ತಡವಾಯಿತು. ಮೇಷ್ಟ್ರು ಆ ವರ್ಷವೇ ತೀರಿಕೊಂಡರು.

ಅಲ್ಯೂಮಿನಿಯಂ ನರಕೋಶದೊಳಗೆ ಮಾಡುವುದೇನು? ಜೀವಕೋಶದ ಕೆಲಸವೆಲ್ಲ ಬೇಗ ಹಿಡಿ, ಬೇಗ ಬಿಡು ಎನ್ನುವ ಲೆಕ್ಕದಲ್ಲಿ ನಡೆಯುತ್ತದೆ. ಶಕ್ತಿ ಒದಗಿಸುವ ಎಟಿಪಿ ಅಣುವನ್ನು ಮೆಗ್ನೀಸಿಯಂ ಹಿಡಿದು, ಕೆಲಸವಾದ ಕೂಡಲೇ ಬಿಟ್ಟು, ಮುಂದಿನದಕ್ಕೆ ಹೋಗುತ್ತದೆ. ಆ ಜಾಗದಲ್ಲಿ ಅಲ್ಯೂಮಿನಿಯಂ ಕೂತರೆ ಸುಮಾರು ಲಕ್ಷ ಪಟ್ಟು ನಿಧಾನ. ಬೀಗದಲ್ಲಿ ಮುರಿದುಕೊಂಡ ಬೀಗದಕೈ ಹಾಗೆ, ತಾನೂ ತಿರುಗುವುದಿಲ್ಲ, ಬೇರೆಯದಕ್ಕೂ ಜಾಗ ಬಿಡುವುದಿಲ್ಲ. ಜೊತೆಗೆ ಕಬ್ಬಿಣವನ್ನು ಕೆಣಕಿ ಕೋಶದಲ್ಲಿ ತುಕ್ಕು ಹಿಡಿಸುವಂಥ ರಾಸಾಯನಿಕ ಕ್ರಿಯೆಗಳನ್ನು ಹೆಚ್ಚಿಸುತ್ತದೆ. ಚರ್ಮದ ಕೋಶವಾದರೆ ಹಳೆಯದು ಉದುರಿ ಹೊಸದು ಬರುತ್ತದೆ. ನರಕೋಶ ಹಾಗಲ್ಲ. ಹುಟ್ಟಿನಿಂದ ಬಂದದ್ದೇ ಕೊನೆಯವರೆಗೆ ಬಾಳಬೇಕು, ಒಳಗೆ ಸೇರಿದ ಕಸವನ್ನೂ ಇಟ್ಟುಕೊಂಡೇ ಬಾಳಬೇಕು.

ಚಿಕಿತ್ಸೆಯ ಮಾತಿಗೆ ಬರುತ್ತೇನೆ. ಮೊದಲನೆಯದು ಮೂಲ ನಿಲ್ಲಿಸುವುದು. ರಿವರ್ಸ್ ಆಸ್ಮೋಸಿಸ್, ನಿಮ್ಮೂರಿನ ಶುದ್ಧ ನೀರಿನ ಘಟಕದಲ್ಲಿರುವ ಅದೇ ಆರ್‌ಒ, ಡಯಾಲಿಸಿಸ್ ಕೋಣೆಯ ಹಿಂದೆ ಬಂದು ಕೂತ ಮೇಲೆ ಈ ಕಾಯಿಲೆ ಅಪರೂಪವಾಯಿತು. ಇವತ್ತು ಡಯಾಲಿಸಿಸ್ ನೀರಿನಲ್ಲಿ ಅಲ್ಯೂಮಿನಿಯಂ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಅಪೇಕ್ಷಿತ ಮಿತಿ 0.03, ಬೇರೆ ನೀರಿನ ಮೂಲ ಇಲ್ಲದಿದ್ದರೆ 0.2ರ ತನಕ ಒಪ್ಪಿಗೆ. ಅಂದರೆ ನಿಮಗೆ ನಡೆಯುವ ನೀರಿನಲ್ಲಿ ಡಯಾಲಿಸಿಸ್ ನೀರಿನ ಮಿತಿಯ ಇಪ್ಪತ್ತು ಪಟ್ಟು ಅಲ್ಯೂಮಿನಿಯಂ ಇರಬಹುದು. ರಂಜಕ ಹಿಡಿಯಲು ಈಗ ಕ್ಯಾಲ್ಸಿಯಂ ಮಾತ್ರೆಗಳಿವೆ, ಸೆವೆಲಮರ್ ಇದೆ, ಲ್ಯಾಂಥನಂ ಇದೆ.

ಎರಡನೆಯದು ಒಳಗೆ ಸೇರಿದ್ದನ್ನು ಹೊರಗೆಳೆಯುವುದು. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಪಿಲೋಸಸ್ ಎಂಬ ಸೂಕ್ಷ್ಮಜೀವಿ ತನಗೆ ಬೇಕಾದ ಕಬ್ಬಿಣವನ್ನು ಸುತ್ತಲಿಂದ ಸೆಳೆಯಲು ಒಂದು ವಸ್ತು ತಯಾರಿಸುತ್ತದೆ. ಅದರಿಂದ ಬಂದ ಔಷಧಿ ಡೆಸ್ಫೆರಿಆಕ್ಸಮೀನ್. ಥಲಸ್ಸೇಮಿಯಾ ಮಕ್ಕಳಿರುವ ಮನೆಯವರಿಗೆ ಈ ಹೆಸರು ಗೊತ್ತಿರುತ್ತದೆ, ಪದೇ ಪದೇ ರಕ್ತ ಕೊಟ್ಟು ದೇಹದಲ್ಲಿ ತುಂಬಿದ ಕಬ್ಬಿಣ ತೆಗೆಯಲು ಕೊಡುತ್ತಾರೆ. ಅದು ಅಲ್ಯೂಮಿನಿಯಂ ಅನ್ನೂ ಹಿಡಿಯುತ್ತದೆ. ಪ್ರೋಟೀನಿನ ಹೆಗಲಿನಿಂದ ಇಳಿಸಿ, ಡಯಾಲಿಸಿಸ್ ಪೊರೆ ದಾಟುವಷ್ಟು ಸಣ್ಣ ಗಂಟು ಕಟ್ಟಿ ಹೊರಗೆ ಕಳಿಸುತ್ತದೆ. 1980ರಲ್ಲಿ ಈ ಕಾಯಿಲೆಗೆ ಕೊಟ್ಟು ನೋಡಿದಾಗ ಮಾತು ಕಳೆದುಕೊಂಡವರು ಮತ್ತೆ ಮಾತಾಡಿದ ವರದಿ ಬಂತು. ಎಲ್ಲರೂ ಅಲ್ಲ. ಬೇಗ ಗುರುತಿಸಿದವರಿಗೆ ಹೆಚ್ಚು ಫಲ.

ಆದರೆ ಈ ಔಷಧಿಗೂ ಹಲ್ಲಿದೆ. ಮೂಳೆಯಲ್ಲಿ ಮಲಗಿದ್ದ ಅಲ್ಯೂಮಿನಿಯಂ ಒಮ್ಮೆಲೇ ರಕ್ತಕ್ಕೆ ಎದ್ದು ಬಂದು ಮಿದುಳಿನ ತೊಂದರೆ ಮೊದಲಿಗೆ ಹೆಚ್ಚಾಗಬಹುದು. ಕಣ್ಣಿಗೂ ಕಿವಿಗೂ ಪೆಟ್ಟು ಬೀಳಬಹುದು. ಇನ್ನೊಂದು ಅಪಾಯವನ್ನು ಹೇಳಿದರೆ ನಿಮಗೆ ಕೂಡಲೇ ಅರ್ಥವಾಗುತ್ತದೆ. 2021ರಲ್ಲಿ ಕೋವಿಡ್ ಆದವರಿಗೆ ಬಂತಲ್ಲ ಬ್ಲ್ಯಾಕ್ ಫಂಗಸ್, ಆ ಜಾತಿಯ ಶಿಲೀಂಧ್ರಕ್ಕೆ ಕಬ್ಬಿಣವೆಂದರೆ ಹಬ್ಬ. ಡೆಸ್ಫೆರಿಆಕ್ಸಮೀನ್ ಹಿಡಿದ ಕಬ್ಬಿಣವನ್ನು ಅದು ಕಸಿದುಕೊಂಡು ಬೆಳೆಯಬಲ್ಲದು. ಹಾಗಾಗಿ ಡಯಾಲಿಸಿಸ್ ರೋಗಿಗೆ ಇದನ್ನು ಕೊಡುವಾಗ ಸಣ್ಣ ಪ್ರಮಾಣದಲ್ಲಿ, ಅಳೆದು, ಕಾದು ಕೊಡುತ್ತೇವೆ. ಮೂತ್ರಪಿಂಡ ಕಸಿ ಆದವರಿಗೆ ಬಚ್ಚಲೇ ಮತ್ತೆ ತೆರೆದ ಹಾಗೆ, ಅಲ್ಯೂಮಿನಿಯಂ ತಾನಾಗಿ ಇಳಿಯುತ್ತ ಹೋಗುತ್ತದೆ.

ಇದೆಲ್ಲ ಹಳೆಯ ಕಥೆ ಎಂದುಕೊಳ್ಳಬೇಡಿ. 1996ರಲ್ಲಿ ಕೆರೀಬಿಯನ್ ಸಮುದ್ರದ ಕುರಸಾವ್ ದ್ವೀಪದಲ್ಲಿ ಒಂದು ಡಯಾಲಿಸಿಸ್ ಕೇಂದ್ರಕ್ಕೆ ಹೊಸ ನೀರಿನ ಪೈಪು ಹಾಕಿದರು. ಪೈಪಿನ ಒಳಮೈಗೆ ಸಿಮೆಂಟು ಗಾರೆ ಬಳಿದಿತ್ತು. ಅದರಿಂದ ಅಲ್ಯೂಮಿನಿಯಂ ನೀರಿಗೆ ಬಿಟ್ಟುಕೊಂಡಿತು. ಕೇಂದ್ರದ 27 ರೋಗಿಗಳಲ್ಲಿ 10 ಮಂದಿ ಸತ್ತರು. ಪೈಪು ಹಾಕಿದವರಿಗೆ ಅದು ಬರೀ ಪೈಪು.

ಹೊಸಿಲು ಇಲ್ಲದ ಇನ್ನೂ ಇಬ್ಬರಿದ್ದಾರೆ. ಒಬ್ಬರು ದಿನ ತುಂಬದೆ ಹುಟ್ಟಿದ ಕೂಸುಗಳು. ಅವಕ್ಕೆ ಆಹಾರವನ್ನು ರಕ್ತನಾಳದ ಮೂಲಕವೇ ಕೊಡುತ್ತೇವೆ. ಆ ದ್ರವಗಳಲ್ಲಿ ಅಲ್ಯೂಮಿನಿಯಂ ಕಲ್ಮಶವಾಗಿ ಸೇರಿರುತ್ತದೆ. 1997ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನದಲ್ಲಿ 227 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲಿ ದ್ರವ, ಇನ್ನೊಂದಕ್ಕೆ ಅಲ್ಯೂಮಿನಿಯಂ ಕಡಿಮೆ ಇರುವ ದ್ರವ ಕೊಟ್ಟರು. ಒಂದೂವರೆ ವರ್ಷಕ್ಕೆ ಪರೀಕ್ಷಿಸಿದಾಗ, ಹೆಚ್ಚು ದಿನ ಮಾಮೂಲಿ ದ್ರವ ಪಡೆದ ಮಕ್ಕಳ ಬುದ್ಧಿಬೆಳವಣಿಗೆಯ ಅಂಕ ಕಡಿಮೆ ಇತ್ತು. ಅಮೆರಿಕ ಆಮೇಲೆ ಇಂಥ ದ್ರವಗಳಿಗೆ ಮಿತಿ ಹಾಕಿತು.

ಇನ್ನೊಬ್ಬರು ಕೆನಡಾದ ಗಣಿ ಕಾರ್ಮಿಕರು. 1943ರಿಂದ 1979ರವರೆಗೆ ಒಂಟಾರಿಯೊ ಪ್ರಾಂತದ ಗಣಿಗಳಲ್ಲಿ ಪಾಳಿಗೆ ಇಳಿಯುವ ಮೊದಲು ಕಾರ್ಮಿಕರನ್ನು ಕೋಣೆಯಲ್ಲಿ ಕೂಡಿಸಿ, ಬಾಗಿಲು ಹಾಕಿ, ನುಣುಪಾದ ಅಲ್ಯೂಮಿನಿಯಂ ಪುಡಿಯನ್ನು ಗಾಳಿಗೆ ಬಿಡುತ್ತಿದ್ದರು. ಉಸಿರೆಳೆದುಕೊಂಡರೆ ಕಲ್ಲುದೂಳಿನಿಂದಾಗುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಬರುವುದಿಲ್ಲ ಎಂಬ ನಂಬಿಕೆ. ಅದರ ಹೆಸರು ಮೆಕಿಂಟೈರ್ ಪುಡಿ. 1990ರ ಅಧ್ಯಯನದಲ್ಲಿ ಹೆಚ್ಚು ವರ್ಷ ಪುಡಿ ಸೇವಿಸಿದವರ ನೆನಪು, ಆಲೋಚನೆ ಪರೀಕ್ಷೆಗಳಲ್ಲಿ ಹಿಂದೆ ಬಿದ್ದದ್ದು ಕಂಡಿತು. ಒಬ್ಬ ಕಾರ್ಮಿಕನ ಮಗಳು ಹಟ ಹಿಡಿದು ವರ್ಷಗಟ್ಟಲೆ ಹೋರಾಡಿದ ಮೇಲೆ, 2022ರಲ್ಲಿ ಒಂಟಾರಿಯೊ ಸರ್ಕಾರ ಆ ಪುಡಿ ಉಸಿರಾಡಿದವರ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆಯನ್ನು ವೃತ್ತಿಯಿಂದ ಬಂದ ಕಾಯಿಲೆ ಎಂದು ಒಪ್ಪಿಕೊಂಡಿತು. ಕೂಲಿಗೆಂದು ಬಂದವರಿಗೆ ವಿಷವನ್ನು ಔಷಧಿ ಎಂದು ಕುಡಿಸಿದರು, ಎಷ್ಟು ಸಲ ಓದಿದರೂ ನನಗೆ ಸಿಟ್ಟು ಬರುತ್ತದೆ.

ಇನ್ನು ಆಲ್ಝೈಮರ್, ಮುಪ್ಪಿನಲ್ಲಿ ಬರುವ ಮರೆವಿನ ಕಾಯಿಲೆ. ನೀವೆಲ್ಲ ಕಾಯುತ್ತಿರುವುದು ಇದಕ್ಕೇ.

1965ರಲ್ಲಿ ಮೊಲಗಳ ಮಿದುಳಿಗೆ ಅಲ್ಯೂಮಿನಿಯಂ ಚುಚ್ಚಿದಾಗ ನರಕೋಶಗಳಲ್ಲಿ ಎಳೆಎಳೆ ಗಂಟುಗಳು ಎದ್ದವು. ಆಲ್ಝೈಮರ್ ರೋಗಿಯ ಮಿದುಳಿನಲ್ಲೂ ಗಂಟುಗಳಿರುತ್ತವೆ. ಇಲ್ಲಿಂದ ಅನುಮಾನ ಶುರು. 1973ರಲ್ಲಿ ಟೊರೊಂಟೊ ತಂಡ ಆಲ್ಝೈಮರ್ ಮಿದುಳಿನ ಕೆಲವು ಭಾಗಗಳಲ್ಲಿ ಅಲ್ಯೂಮಿನಿಯಂ ಹೆಚ್ಚಿದೆ ಎಂದಿತು. ಹತ್ತಿರದಿಂದ ನೋಡಿದಾಗ ಮೊಲದ ಗಂಟೇ ಬೇರೆ, ಮನುಷ್ಯನ ಗಂಟೇ ಬೇರೆ. ಮೊಲದ್ದು ನೇರ ಎಳೆ, ಮನುಷ್ಯನದು ಹೆಣೆದ ಜಡೆಯ ಹಾಗೆ ತಿರುಚಿದ ಎಳೆ, ಬೇರೆ ಪ್ರೋಟೀನಿನದು. 1992ರಲ್ಲಿ ಆಕ್ಸ್‌ಫರ್ಡಿನವರು ಬಣ್ಣ ಹಾಕದ, ರಾಸಾಯನಿಕ ಸೋಕದ ಮಿದುಳಿನ ಚೂರುಗಳನ್ನು ನೋಡಿದಾಗ ಆಲ್ಝೈಮರ್ ಕಲೆಗಳ ನಡುವೆ ಅಲ್ಯೂಮಿನಿಯಂ ಕಾಣಲಿಲ್ಲ. ಪರೀಕ್ಷೆಗೆ ಬಳಸುವ ಬಣ್ಣ, ಗಾಜು, ಕೋಣೆಯ ದೂಳು, ಎಲ್ಲದರಲ್ಲೂ ಅಲ್ಯೂಮಿನಿಯಂ ಇರುವಾಗ ಇದನ್ನು ಅಳೆಯುವುದೇ ಒಂದು ತಪಸ್ಸು. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಜಗನ್ನಾಥ ರಾವ್ ಅವರ ತಂಡ ಆಲ್ಝೈಮರ್ ಮಿದುಳಿನ ನೆನಪಿನ ಭಾಗದಲ್ಲಿ, ಸಾಮಾನ್ಯವಾಗಿ ಬಲಕ್ಕೆ ತಿರುಚಿರುವ ಡಿಎನ್‌ಎ ಎಡಕ್ಕೆ ತಿರುಚಿಕೊಂಡಿದೆ ಎಂದು 2002ರಲ್ಲಿ ತೋರಿಸಿತು, ಅಲ್ಯೂಮಿನಿಯಂ ಅಂಥ ತಿರುಚುವಿಕೆ ತರಬಲ್ಲದೇ ಎಂದು ಪ್ರಯೋಗಗಳನ್ನೂ ಮಾಡಿತು. ಹೆಮ್ಮೆಪಡುವ ಕೆಲಸ. ಆದರೆ ಪ್ರಯೋಗನಾಳದಿಂದ ಮನುಷ್ಯನ ಮುಪ್ಪಿನವರೆಗೆ ದಾರಿ ಬಹಳ ಉದ್ದ. ಫ್ರಾನ್ಸಿನಲ್ಲಿ ವರ್ಷಗಟ್ಟಲೆ ಮುದುಕರನ್ನು ಹಿಂಬಾಲಿಸಿದ ಅಧ್ಯಯನ, ಕುಡಿಯುವ ನೀರಿನಲ್ಲಿ ಅಲ್ಯೂಮಿನಿಯಂ ಹೆಚ್ಚಿದ್ದಲ್ಲಿ ಮರೆವಿನ ಕಾಯಿಲೆಯೂ ಹೆಚ್ಚು ಎಂದಿತು. ಬೇರೆ ಅಧ್ಯಯನಗಳು ಹಾಗೆ ಕಾಣಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಡಯಾಲಿಸಿಸ್ ರೋಗಿಗಳೇ ಈ ವಾದಕ್ಕೆ ದೊಡ್ಡ ಉತ್ತರ. ಅವರ ಮಿದುಳಿನಲ್ಲಿ ಹತ್ತು ಪಟ್ಟು ಅಲ್ಯೂಮಿನಿಯಂ ಸೇರಿತು. ಬಂದದ್ದು ಭೀಕರ ಕಾಯಿಲೆ. ಆದರೆ ಅದು ಆಲ್ಝೈಮರ್ ಆಗಿರಲಿಲ್ಲ. ಆಲ್ಝೈಮರ್‌ಗೆ ಮುಪ್ಪು, ವಂಶ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಪಾಲು ಎದ್ದು ಕಾಣುವಷ್ಟು ಪಾತ್ರೆಯ ಪಾಲು ಕಾಣುವುದಿಲ್ಲ.

ಅಲ್ಯೂಮಿನಿಯಂ ತೆಗೆದರೆ ಆಲ್ಝೈಮರ್ ನಿಲ್ಲುತ್ತದೆಯೇ ಎಂದೂ ನೋಡಿದ್ದಾರೆ. 1991ರಲ್ಲಿ ಟೊರೊಂಟೊದಲ್ಲಿ 48 ರೋಗಿಗಳಲ್ಲಿ ಪ್ರಯೋಗ ನಡೆಸಿ, ಎರಡು ವರ್ಷ ಡೆಸ್ಫೆರಿಆಕ್ಸಮೀನ್ ಚುಚ್ಚಿಸಿಕೊಂಡವರು ನಿಧಾನವಾಗಿ ಇಳಿದರು ಎಂದು ವರದಿ ಮಾಡಿದರು. ಸೂಜಿ ಚುಚ್ಚಿಸಿಕೊಳ್ಳುವವರು ಯಾರು ಎನ್ನುವುದು ರೋಗಿಗಳಿಗೂ ಮನೆಯವರಿಗೂ ಗೊತ್ತಾಗುವಂಥ ಪ್ರಯೋಗ ಅದು. ಜೊತೆಗೆ ಆ ಔಷಧಿ ಕಬ್ಬಿಣವನ್ನೂ ತೆಗೆಯುತ್ತದೆ, ಯಾವುದರ ಫಲ ಎಂದು ಹೇಳುವುದು ಹೇಗೆ? ಈಚೆಗೆ ಆಸ್ಟ್ರೇಲಿಯಾದಲ್ಲಿ ಕಬ್ಬಿಣ ತೆಗೆಯುವ ಡೆಫೆರಿಪ್ರೋನ್ ಮಾತ್ರೆಯನ್ನು 81 ಮಂದಿಯ ಪ್ರಯೋಗದಲ್ಲಿ ಸರಿಯಾದ ಕ್ರಮದಿಂದ ಪರೀಕ್ಷಿಸಿದರು. 2024ರಲ್ಲಿ ಫಲಿತಾಂಶ ಬಂತು. ಮಾತ್ರೆ ತೆಗೆದುಕೊಂಡವರ ಆಲೋಚನಾ ಶಕ್ತಿ ಇನ್ನೂ ಬೇಗ ಕುಸಿದಿತ್ತು. ಮಿದುಳಿನಿಂದ ಲೋಹ ತೆಗೆಯುವುದು ಪಾತ್ರೆ ಉಜ್ಜಿದ ಹಾಗಲ್ಲ, ಬೇಕಾದ ಲೋಹವೂ ಹೋಗುತ್ತದೆ. ಸಿಲಿಕಾ ಹೆಚ್ಚಿರುವ ಖನಿಜಯುಕ್ತ ನೀರು ಕುಡಿದರೆ ಮೂತ್ರದಲ್ಲಿ ಅಲ್ಯೂಮಿನಿಯಂ ಹೆಚ್ಚು ಹೋಗುತ್ತದೆ ಎಂದು ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದವರು 12 ವಾರಗಳ ಪ್ರಯೋಗದಲ್ಲಿ ತೋರಿಸಿದರು. ಹದಿನೈದು ರೋಗಿಗಳ ಸಣ್ಣ ಪ್ರಯೋಗ. ನೀರು ಕುಡಿಯುವುದರಿಂದ ಹಾನಿಯಿಲ್ಲ, ಅದರ ಹೆಸರಿನಲ್ಲಿ ಸಾವಿರಾರು ರೂಪಾಯಿಯ ಬಾಟಲಿ ಕೊಳ್ಳುವಷ್ಟು ಆಧಾರವೂ ಇಲ್ಲ.

ಈಗ ಒಂದು ಎಚ್ಚರಿಕೆ. ಹಿರಿಯರ ಮರೆವಿಗೆ "ಮೈಯಲ್ಲಿರೋ ಲೋಹ ತೆಗೀತೀವಿ" ಎಂದು ಡ್ರಿಪ್ ಹಾಕುವವರ ಬಳಿ ದಯವಿಟ್ಟು ಹೋಗಬೇಡಿ. ಇಡಿಟಿಎ ಎಂಬ ಔಷಧಿಯ ಒಂದು ಬಗೆ ರಕ್ತದ ಕ್ಯಾಲ್ಸಿಯಂ ಅನ್ನೇ ಎಳೆದುಕೊಂಡು ಹೋಗುತ್ತದೆ. ಅಮೆರಿಕದಲ್ಲಿ 2003ರಿಂದ 2005ರ ನಡುವೆ ಹೀಗೆ ಮೂವರು ಸತ್ತರು, ಅವರಲ್ಲಿ ಇಬ್ಬರು ಮಕ್ಕಳು. ಅಮ್ಮನಿಗೆ ಮರೆವು ಕಂಡರೆ ಮೊದಲು ಬಿ12 ನೋಡಿಸಿ, ಥೈರಾಯ್ಡ್ ನೋಡಿಸಿ, ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೋ ಕೇಳಿ, ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಬಿದ್ದಿತ್ತೋ ಕೇಳಿ, ಮನಸ್ಸು ಕುಗ್ಗಿದೆಯೋ ನೋಡಿ. ಇವೆಲ್ಲ ಸರಿಮಾಡಬಹುದಾದ ಮರೆವು.

ಸಭೆಯಲ್ಲಿ ಒಬ್ಬರು ಒಳ್ಳೆಯ ಪ್ರಶ್ನೆ ಬರೆದು ಕಳಿಸಿದ್ದಾರೆ: "ಮಕ್ಕಳ ಲಸಿಕೆಯಲ್ಲಿ ಅಲ್ಯೂಮಿನಿಯಂ ಇದೆ, ಸೂಜಿಯಿಂದ ಹೋದರೆ ಹೊಸಿಲು ದಾಟಿದ ಹಾಗಲ್ಲವೇ?" ಹೌದು, ದಾಟಿತು. ಆದರೆ ಪ್ರಮಾಣ ನೋಡಿ, ಒಂದು ಲಸಿಕೆಯಲ್ಲಿ ಒಂದು ಮಿಲಿಗ್ರಾಮಿಗೂ ಕಡಿಮೆ. ಅದು ಸ್ನಾಯುವಿನಲ್ಲಿ ಕೂತು ನಿಧಾನವಾಗಿ ಕರಗುತ್ತದೆ, ಮಗುವಿನ ಬಚ್ಚಲು ತೆರೆದಿದೆ, ಕರಗಿದ್ದು ಹೊರಗೆ ಹೋಗುತ್ತದೆ. ಡೆನ್ಮಾರ್ಕಿನಲ್ಲಿ 12 ಲಕ್ಷ ಮಕ್ಕಳ ದಾಖಲೆ ನೋಡಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಸಿಕೆಯ ಅಲ್ಯೂಮಿನಿಯಂ ಹೆಚ್ಚಾದಂತೆ ಆಟಿಸಂ ಮೊದಲಾದ ಐವತ್ತು ದೀರ್ಘಕಾಲದ ತೊಂದರೆಗಳಲ್ಲಿ ಯಾವುದೂ ಹೆಚ್ಚಾದದ್ದು ಕಂಡುಬರಲಿಲ್ಲ. ಮಕ್ಕಳಿಗೆ ಲಸಿಕೆ ಹಾಕಿಸಿ. ಹಾಗೆಯೇ, ನಮ್ಮ ಹಳ್ಳಿಗಳಲ್ಲಿ ಕಾಳಿಗೆ ಹಾಕುವ ಮಾತ್ರೆ ನುಂಗಿ ಸಾಯುವವರ ವಿಷಯವನ್ನು ಇದಕ್ಕೆ ಬೆರೆಸಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಕೊಲ್ಲುವುದು ಅದರಿಂದೇಳುವ ಫಾಸ್ಫೀನ್ ಅನಿಲ.

ಪಾತ್ರೆಯ ಮಾತು ಬಾಕಿ ಉಳಿಯಿತು. ವಿಶ್ವಸಂಸ್ಥೆಯ ಆಹಾರ ತಜ್ಞರ ಸಮಿತಿ 2011ರಲ್ಲಿ ಹಾಕಿದ ಮಿತಿ, ದೇಹದ ತೂಕದ ಕಿಲೋಗೆ ವಾರಕ್ಕೆ 2 ಮಿಲಿಗ್ರಾಂ. ಅರವತ್ತು ಕಿಲೋ ತೂಗುವವರಿಗೆ ವಾರಕ್ಕೆ 120. ಅನ್ನ ಮಾಡುವುದರಿಂದ, ಹಾಲು ಕಾಯಿಸುವುದರಿಂದ ಭಯವಿಲ್ಲ. ಹುಳಿಯನ್ನು ಅಲ್ಯೂಮಿನಿಯಂನಲ್ಲಿ ಕುದಿಸಬೇಡಿ, ಕುದಿಸಿದರೂ ರಾತ್ರಿಯಿಡೀ ಅದರಲ್ಲೇ ಬಿಡಬೇಡಿ, ಉಪ್ಪಿನಕಾಯಿ ಅಂತೂ ಬೇಡವೇ ಬೇಡ. ಸ್ಟೀಲು, ಕಲ್ಲುಮರಿಗೆ, ಕಲಾಯಿ ಹಾಕಿಸಿದ ಹಿತ್ತಾಳೆ ಇವೆಯಲ್ಲ. ನನಗೆ ಇದಕ್ಕಿಂತ ಹೆಚ್ಚು ಚಿಂತೆ ಇರುವುದು ಗುಜರಿ ಕರಗಿಸಿ ಎರಕ ಹೊಯ್ದ ಅಗ್ಗದ ಪಾತ್ರೆಗಳ ಬಗ್ಗೆ. ಗುಜರಿಯಲ್ಲಿ ಏನೇನು ಸೇರಿರುತ್ತದೋ, ಅದರಲ್ಲಿ ಸೀಸ ಇರಬಹುದು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಆಮದಾದ ಕೆಲವು ಹಿಂಡಾಲಿಯಂ ಬಗೆಯ ಪಾತ್ರೆಗಳಿಂದ ಸೀಸ ಬಿಡುತ್ತದೆ ಎಂದು ಎಚ್ಚರಿಸಿತು. ಅಲ್ಲಿರುವ ನಿಮ್ಮ ಮಕ್ಕಳಿಗೆ ಪಾತ್ರೆ ಕಟ್ಟಿ ಕಳಿಸುವಾಗ ನೆನಪಿರಲಿ. ಸೀಸ ಮಕ್ಕಳ ಬುದ್ಧಿಗೆ ಮಾಡುವ ಹಾನಿಯಲ್ಲಿ ಯಾವ ವಾದವೂ ಉಳಿದಿಲ್ಲ.

ಆದರೆ ಮನೆಯಲ್ಲಿ ಮೂತ್ರಪಿಂಡದ ಕಾಯಿಲೆಯವರಿದ್ದರೆ ಲೆಕ್ಕವೇ ಬೇರೆ. ಎದೆಯುರಿಗೆ ಅಂಗಡಿಯಿಂದ ತರುವ ಬಿಳಿ ಔಷಧಿಯ ಹಿಂಭಾಗ ತಿರುಗಿಸಿ ಓದಿ. ಪಾತ್ರೆಯಿಂದ ಬರುವುದು ಕೆಲವು ಮಿಲಿಗ್ರಾಂ ಆದರೆ ಅದರ ಒಂದು ದಿನದ ಬಳಕೆಯಲ್ಲಿ ನೂರಾರು ಮಿಲಿಗ್ರಾಂ ಅಲ್ಯೂಮಿನಿಯಂ ಇರುತ್ತದೆ. ಅದರ ಮೇಲೆ ನಿಂಬೆರಸವನ್ನೋ, ಸಿಟ್ರೇಟ್ ಇರುವ ಮೂತ್ರದ ಔಷಧಿಯನ್ನೋ ಕುಡಿದರೆ ಕರುಳಿನ ಕಾವಲು ಸಡಿಲವಾಗಿ ಹೀರುವುದು ಹಲವು ಪಟ್ಟು ಏರುತ್ತದೆ. ಇವೆರಡು ಸೇರಿ ಮೂತ್ರಪಿಂಡದ ರೋಗಿಗಳು ಪ್ರಜ್ಞೆ ತಪ್ಪಿ ಸತ್ತ ವರದಿಗಳು 1980ರ ದಶಕದಲ್ಲೇ ಬಂದಿವೆ.

ಇನ್ನೊಂದು. ನಿಮ್ಮವರು ಡಯಾಲಿಸಿಸ್‌ಗೆ ಹೋಗುತ್ತಿದ್ದರೆ ಆ ಕೇಂದ್ರದ ನೀರಿನ ವರದಿ ನೋಡಲು ಕೇಳಿ. ನಮ್ಮ ಬಡವರಿಗೆ ತಾಲ್ಲೂಕಿನಲ್ಲೇ ಡಯಾಲಿಸಿಸ್ ಸಿಗುತ್ತಿರುವುದು ದೊಡ್ಡ ಸಂಗತಿ, ಅಲ್ಲಿನ ತಂತ್ರಜ್ಞರು ಕಷ್ಟಪಟ್ಟು ದುಡಿಯುತ್ತಾರೆ. ಅವರ ಮೇಲೆ ಅನುಮಾನಪಟ್ಟು ಕೇಳಬೇಕಾಗಿಲ್ಲ. ಗೋಡೆಗೆ ತೂಗುಹಾಕಿದ ಪುಸ್ತಕದಲ್ಲಿ ದಿನದಿನದ ಟಿಡಿಎಸ್ ಬರೆದಿರುತ್ತಾರೆ, ಅದು ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಎಂದಷ್ಟೇ ಹೇಳುತ್ತದೆ. ಅಲ್ಯೂಮಿನಿಯಂಗೆ ಪ್ರಯೋಗಾಲಯದ ಬೇರೆಯೇ ಪರೀಕ್ಷೆ ಆಗಬೇಕು. ಆ ಸಾಲಿನ ಮುಂದೆ ಅಂಕಿ ಇದೆಯೇ, ಯಾವ ತಿಂಗಳದ್ದು, 0.01ರ ಒಳಗಿದೆಯೇ, ಇಷ್ಟು ನೋಡಿ. ಹೊಸ ಪೈಪು ಹಾಕಿದಾಗ, ಬೋರ್‌ವೆಲ್ಲಿನಿಂದ ನಲ್ಲಿ ನೀರಿಗೆ ಬದಲಾಯಿಸಿದಾಗ, ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಊರಿನ ನೀರಿಗೆ ಪಟಿಕ ಹೆಚ್ಚು ಸುರಿಯುವಾಗ ಮತ್ತೊಮ್ಮೆ ಕೇಳಿ. ಆ ಮೇಷ್ಟ್ರ ಹೆಂಡತಿ ನನಗೆ ಬಾಗಿಲ ಹತ್ತಿರ ಹೇಳಿದ ಮಾತನ್ನು ನೀವು ಯಾರಾದರೂ ಹೇಳುವ ಹಾಗಾದರೆ, ಡಯಾಲಿಸಿಸ್ ಆದ ರಾತ್ರಿ ಮಾತು ತೊದಲಿದರೆ, ಮರುದಿನ ಸರಿಹೋಯಿತೆಂದು ಸುಮ್ಮನಾಗದೆ ಅಂದೇ ಬಂದು ಹೇಳಿ.